ಮುಟ್ಟಿದ್ದಕ್ಕ ಸಹಿ

ಹದಿಮೂರು ಲಕೋಟೆ, ಎಲ್ಲಾ ಒಂದ ಬಣ್ಣ.
ವಾಲ್ ತಿರುವೋ ಕಬ್ಬಿಣದ ಚಾವಿ ಜೊತಿಗೆ
ಸೈಕಲ್ಲಿನ ಕ್ಯಾರಿಯರಿಗೆ ಕಟಗೊಂಡು ಹೊಂಟೆ.
ಪಿಡಿಓ ಸಾಹೇಬ್ರು ಹೇಳಿದ್ದು ಇಷ್ಟ:
‘ಕೈಯಾಗ ಕೊಡು, ಸಹಿ ತಗೊ.
ಇರಲಿಲ್ಲಂದ್ರ ಬಾಗಲಕ್ಕ ಹಚ್ಚು,
ಇಬ್ಬರ ಸಾಕ್ಷಿ ಹಾಕ್ಸು.’
ಅಧ್ಯಕ್ಷರ ಮ್ಯಾಲೆ ಅವಿಶ್ವಾಸ.
ಹದಿನೈದು ದಿನ ಮೊದಲ ಮುಟ್ಟಬೇಕಂತ, ಕಾನೂನು.

ಒಂದನೇ ವಾರ್ಡು, ಕೀಲಿ.
ಎರಡನೇ ವಾರ್ಡು, ಕೀಲಿ; ಕಟ್ಟಿ ಮ್ಯಾಲೆ ನಾಯಿ.
ಚಮನಸಾಬರ ಮನಿಯಾಗ ಸೊಸಿ ಅಂದ್ಲು,
‘ಮಾವಾರು ಗೋಕರ್ಣಕ್ಕ ಹೋಗ್ಯಾರ.’
ಗೋಕರ್ಣಕ್ಕ?
‘ಸಮುದ್ರ ನೋಡಾಕ’ ಅಂದು
ಸೆರಗು ಬಾಯಿಗಿಟ್ಟು ನಕ್ಕಳು.
ಎಂಟು ಮಂದಿ ಒಂದ ಟೆಂಪೋದಾಗ,
ಎಂಟೂ ಫೋನು ಒಂದ ಚೀಲದಾಗ,
ಚೀಲ ಫಕ್ಕೀರೇಶ ಅಗಡಿ ತೊಡಿ ಮ್ಯಾಲೆ.
ಬಾಗಲ ಬಾಗಲಕ್ಕ ಗಂಜಿ ಸವರಿ
ನನ್ನ ಬೆರಳು ಒಂದಕ್ಕೊಂದು ಅಂಟಿದ್ವು.

ಕಟ್ಟಿಗೆ ಕುಂತ ನಿಂಬವ್ವಾಯಿ ಕರದು ಕೇಳಿದ್ಲು:
‘ಏನೋ ಗುಡ್ಡಪ್ಪಾ, ಆಕೀನ ಇಳಸ್ತಾರಂತ?’
‘ಹೌದಬೇ.’
‘ನನ್ನ ಯಾರೂ ಕೇಳಲಿಲ್ಲಲ್ಲೋ.
ಓಟು ಹಾಕಂತ ಮೂರು ಸಲ ಬಂದ್ರು.
ಸೀರಿ ಕೊಟ್ರು, ಬಣ್ಣ ಬಿಡ್ತು ಅದು.
ಹಾಕಿದ್ದನ್ನ ಹೊಳ್ಳಿ ಇಸಗೊಳ್ಳಾಕ
ನನಗ್ಯಾವ ಲಕೋಟೆ ಬರ್ತೈತಿ?’
ಎಡಗೈ ತೋರುಬೆರಳು ಬಿಸಲಿಗೆ ಹಿಡದ್ಲು.
‘ಇಲ್ಲಿತ್ತು ಮಸಿ. ಉಗುರಿನ ಸಂಗಾಟ ಬೆಳದು
ತುದಿಗೆ ಬಂತು. ಕತ್ತರಿಸಿ ತಿಪ್ಪಿಗೆ ಒಗದೆ.
ಮುಗೀತು ನನ್ನ ಪಾಲು.’

ಕಾಗದದಾಗ ಕಾರಣ ಮೂರು ಬರದಿದ್ರು:
ಸಭೆ ಕರೆಯುವುದಿಲ್ಲ,
ಸದಸ್ಯರನ್ನು ವಿಶ್ವಾಸಕ್ಕೆ ತೆಗೆದುಕೊಳ್ಳುವುದಿಲ್ಲ,
ಅಭಿವೃದ್ಧಿ ಕುಂಠಿತವಾಗಿರುತ್ತದೆ.
ನಾಕನೇದು ಬರದಿರಲಿಲ್ಲ. ಅದು ಗಟಾರದ ಬಿಲ್ಲು.
‘ಮೊದಲ ಟೇಪು ಹಿಡದು ಅಳೀರಿ’ ಅಂದಿದ್ಲು ಆಕಿ.
ಆಕಿನೂ ಏನು ದೇವರಲ್ಲ ಬಿಡ್ರಿ.
ಕಸದ ಗಾಡಿ ಕೆಲಸ ತನ್ನ ತಮ್ಮಗ ಕೊಟ್ಲು.
ನಮ್ಮ ಓಣಿ ನಳ ಎರಡು ವರ್ಷ ಆತು,
ಮುರದದ್ದು ಮುರದಂಗ ಐತಿ.

ಕಡೀ ಲಕೋಟೆ ಆಕೀದು.
ಗುತ್ತೆವ್ವ ಅಂಗಳದಾಗ ಕುಂತು
ಬ್ಯಾಡಗಿ ಕಾಯಿ ತೊಟ್ಟು ಮುರೀತಿದ್ಲು,
ಕಿಲೋಕ್ಕ ಇಷ್ಟಂತ, ಕೂಲಿ.
‘ಎಷ್ಟು ಮಂದಿ ಸಹಿ ಮಾಡ್ಯಾರೋ?’
‘ಎಂಟು.’
‘ಇಳಸಾಕ ಒಂಬತ್ತು ಬೇಕಲ್ಲ?’
ಸುಮ್ಮನಾದೆ.
ಕೈ ಸೀರಿಗೆ ಒರಸಿಕೊಂಡು ಪೆನ್ನು ಇಸಗೊಂಡ್ಲು.
ಆರಿಸಿ ಬಂದ ದಿನ ಹೆಬ್ಬಟ್ಟು ಒತ್ತಿದಾಕಿ.
ಅಂಗನವಾಡಿ ಟೀಚರು ಕಲಿಸಿದ ಮ್ಯಾಲೆ
ಗು ಸಲೀಸು ಬರ್ತೈತಿ,
ತ್ತೆ ಹತ್ರ ಇನ್ನೂ ಒಂದೀಟು ನಿಲ್ತಾಳ,
ಹಳ್ಳ ದಾಟೋವಾಗ ಕಲ್ಲು ಹುಡುಕಿದಂಗ.
ಘಾಟಿಗೆ ನಾ ಸೀನಿದೆ. ಆಕಿ ಸೀನಲಿಲ್ಲ.
‘ಬರಕೊ ಗುಡ್ಡಪ್ಪ, ನೋಟೀಸು ಮುಟ್ಟಿತು.’
ನನ್ನ ಪ್ರತಿ ಮ್ಯಾಲೆ ಆಕಿ ಹೆಸರು,
ಹೆಸರಿನ ಮ್ಯಾಲೆ ಕೆಂಪು ಬೆರಳು.

ಸಭೆ ದಿನ ಹಾವೇರಿಯಿಂದ ಎಸಿ ಸಾಹೇಬ್ರು ಬಂದ್ರು,
ಎರಡು ಜೀಪು ಪೊಲೀಸರು ಬಂದ್ರು,
ಟೆಂಪೋನೂ ಬಂತು.
ಮೊದಲ ಇಳದದ್ದು ಚಮನಸಾಬ್,
ಸಮುದ್ರದ ಬಿಸಲಿಗೆ ಮೂಗು ಸುಲದಿತ್ತು.
ನನ್ನ ಮಾರಿ ನೋಡಲಿಲ್ಲ.
ಕುರ್ಚಿ ಹಾಕಿದೆ, ಚಾ ಕೊಟ್ಟೆ, ಬಾಗಲ ಹಾಕಿದ್ರು.
ಕಿಡಕಿಯಾಗಿಂದ ಎಣಿಸಬೇಕಂತ ನಿಂತೆ.
ಎಸಿ ಸಾಹೇಬ್ರು ‘ಪರವಾಗಿ ಇರುವವರು’ ಅಂದ್ರು.
ಒಂದು, ಎರಡು, ಚಮನಸಾಬರ ಕೈ
ಮೊಣಕೈತನಾ ಎದ್ದು ಅಲ್ಲೇ ನಿಂತು.

ಅಷ್ಟರಾಗ ಹನ್ನೊಂದು ಹೊಡೀತು.
ಮೂರನೇ ವಾರ್ಡಿಗೆ ನೀರು ಬಿಡೋ ಹೊತ್ತು.
ಎಂಟು ದಿನಕ್ಕ ಒಂದ ಪಾಳಿ,
ತಪ್ಪಿದ್ರ ನನ್ನ ಇಳಸಾಕ
ಯಾರ ಸಹಿನೂ ಬೇಕಾಗೂದಿಲ್ಲ.

ಗುಂಡಿಯಾಗ ಇಳದು ಚಾವಿ ತಿರುವೋವಾಗ
ಪಂಚಾಯ್ತಿ ಕಡೆ ಪಟಾಕಿ ಹಾರಿದ್ವು.
ಪಟಾಕಿ ಎರಡೂ ಕಡೆಯವರು ತಂದಿಟ್ಟಿದ್ರು,
ಶಿವಕಾಶಿದು, ಒಂದ ಅಂಗಡಿದು.

ಕೊಡ ಹಿಡದು ನಿಂತ ನಿಂಬವ್ವಾಯಿ
‘ಯಾರದೋ ಅದು?’ ಅಂದ್ಲು.
‘ಗೊತ್ತಾಗವಲ್ದಬೇ.’
ನಳ ಮೊದಲ ಗಾಳಿ ಉಗುಳ್ತು,
ಆಮ್ಯಾಲೆ ಕೆಂಪು.
‘ತಡೀರಿ,’ ಅಂದೆ ಎಲ್ಲಾರಿಗೂ,
‘ತಿಳಿ ಬರೂತನಾ ಕೊಡ ಹಿಡೀಬ್ಯಾಡ್ರಿ.’